ಒಂದು ತೆಂಗಿನಕಾಯಿಗೆ 17 ಪಾಯಿಂಟು

ಮಕ್ಕಳಿಗೆ ಕೋಡಿಂಗ್ ಹೇಳ್ಕೊಡ್ತೀನಿ ಅಂತ ಗೊತ್ತಾದ್ರೆ ಸಾಕು, ಜನ ಎರಡು ಪ್ರಶ್ನೆ ಕೇಳೇ ಕೇಳ್ತಾರೆ. ಫೀಸ್ ಎಷ್ಟು? ಆ ಬೆಕ್ಕಿನ ಆಟ ಬಿಟ್ಟು ನಿಜವಾದ ಕೋಡಿಂಗ್ ಯಾವಾಗ ಶುರು? ಫೀಸ್ ಏನೂ ಇಲ್ಲ, ತಿಪಟೂರು ಕಡೆ ನಮ್ಮೂರ ಪಂಚಾಯ್ತಿ ಲೈಬ್ರರಿ ಇದ್ಯಲ್ಲ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿದಾರೆ, ಅಲ್ಲಿ ಶನಿವಾರ ಬೆಳಗಿನ ಸ್ಕೂಲ್ ಮುಗಿಸ್ಕೊಂಡು ಬರೋ ಮಕ್ಕಳಿಗೆ ಸುಮ್ನೆ ಹೇಳ್ಕೊಡೋದು, ನಂದು ವರ್ಕ್ ಫ್ರಮ್ ಹೋಮ್ ಕೆಲಸ, ಶನಿವಾರ ರಜೆ, ಅಷ್ಟೇ. ಎರಡನೇ ಪ್ರಶ್ನೆಗೆ ಮಾತ್ರ ದಾರೀಲಿ ನಿಂತ್ಕೊಂಡು ಉತ್ತರ ಕೊಡೋಕೆ ಆಗಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಬೆಕ್ಕಿನ ಆಟ ಅಂದ್ರೆ ಸ್ಕ್ರಾಚ್, ಮಕ್ಕಳಿಗೆ ಕೋಡಿಂಗ್ ಕಲಿಸೋ ಒಂದು ಸಾಫ್ಟ್‌ವೇರ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಲ್ಲಿ ಮಿಚೆಲ್ ರೆಸ್ನಿಕ್ ಅವರ ಗುಂಪು ಮಾಡಿ 2007ರಲ್ಲಿ ಎಲ್ಲರಿಗೂ ಬಿಟ್ಟಿದ್ದು, ಪೂರ್ತಿ ಫ್ರೀ. ತೆರೆದ್ರೆ ಎಡಗಡೆ ಬಣ್ಣಬಣ್ಣದ ಬ್ಲಾಕುಗಳು, ಬಲಗಡೆ ಒಂದು ಸ್ಟೇಜು, ಸ್ಟೇಜಿನ ಮಧ್ಯ ಕಿತ್ತಳೆ ಬಣ್ಣದ ಬೆಕ್ಕು. ನೀಲಿ ಬ್ಲಾಕೆಲ್ಲ ಓಡಾಟಕ್ಕೆ, ನೇರಳೆ ಬಣ್ಣದ್ದು ವೇಷ ಬದಲಾಯಿಸೋಕೆ ಮಾತಾಡೋಕೆ, ಹಳದಿ ಬಣ್ಣದ್ದು ಯಾವಾಗ ಶುರುವಾಗ್ಬೇಕು ಅಂತ ಹೇಳೋಕೆ, ಕಿತ್ತಳೆ ಬಣ್ಣದ್ದು ಎಷ್ಟು ಸಲ ಮಾಡ್ಬೇಕು ಯಾವಾಗ ಮಾಡ್ಬಾರ್ದು ಅನ್ನೋಕೆ. ಎಳ್ಕೊಂಡು ಬಂದು ಒಂದರ ಕೆಳಗೆ ಒಂದು ಸೇರಿಸೋದು, ಮೇಲಿರೋ ಹಸಿರು ಬಾವುಟ ಒತ್ತೋದು, ಬೆಕ್ಕು ಹೇಳಿದ್ದು ಮಾಡುತ್ತೆ. ನಾವು ಅಂದ್ಕೊಂಡಿದ್ದನ್ನಲ್ಲ, ಹೇಳಿದ್ದನ್ನ. ಇವೆರಡರ ಮಧ್ಯ ಇರೋ ವ್ಯತ್ಯಾಸ ಇದ್ಯಲ್ಲ, ನಾನು ಹೇಳ್ಕೊಡೋದೆಲ್ಲ ಅದೊಂದೇ.

ಇದು ಆಕಾಶದಿಂದ ಉದುರಿದ್ದೇನೂ ಅಲ್ಲ. 1967ರಲ್ಲೇ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋರ್‌ಝೈಗ್ ಸೇರಿ ಮಕ್ಕಳಿಗೆ ಅಂತಾನೇ ಲೋಗೋ ಭಾಷೆ ಮಾಡಿದ್ರು. ಪೇಪರ್ಟ್ ಗಣಿತದೋರು, ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರದ ಪಿಯಾಜೆ ಜೊತೆ ಕೆಲಸ ಮಾಡಿ ಬಂದೋರು, ಮಗು ತಾನೇ ಏನಾದ್ರೂ ಕಟ್ಟಿದಾಗಲೇ ಕಲಿಯೋದು ಅಂತ ಅವರ ವಾದ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಓದಿದೋರಿಗೆ ಲೋಗೋ ನೆನಪಿರ್ಬೇಕು. ಕಂಪ್ಯೂಟರ್ ಲ್ಯಾಬು, ಹೊರಗೆ ಶೂ ಬಿಚ್ಚಿಡ್ಬೇಕು, ಒಳಗೆ ಎಸಿ, ಒಂದು ಕಂಪ್ಯೂಟರಿಗೆ ಐದು ಜನ, ಅದರಲ್ಲಿ ಕೀಬೋರ್ಡ್ ಮುಟ್ಟೋದು ಕ್ಲಾಸ್ ಲೀಡರ್ ಒಬ್ಬನೇ. ಎಫ್‌ಡಿ 100 (ಮುಂದೆ ನೂರು ಹೆಜ್ಜೆ), ಆರ್‌ಟಿ 90 (ಬಲಕ್ಕೆ 90 ಡಿಗ್ರಿ) ಅಂತ ಹೊಡೆದ್ರೆ ಸ್ಕ್ರೀನ್ ಮೇಲಿರೋ ಆಮೆ ಹೋಗಿ ತಿರುಗುತ್ತೆ. ಅದನ್ನ ನಾವು ಲ್ಯಾಬಲ್ಲಿ ನೋಡಿದ್ದಕ್ಕಿಂತ ನೋಟ್ಸಲ್ಲಿ ಬರೆದಿದ್ದೇ ಜಾಸ್ತಿ, ಚೌಕ ಬಿಡಿಸುವ ಪ್ರೋಗ್ರಾಂ ಬರೆಯಿರಿ, ಐದು ಅಂಕ. ಮಗು ಆಮೆ ಓಡಿಸ್ಲಿ, ತಪ್ಪಿದ್ರೆ ಯಾಕೆ ತಪ್ಪಿತು ಅಂತ ತಾನೇ ಆಮೆ ಥರ ನಡೆದು ನೋಡ್ಲಿ ಅಂತ ಪೇಪರ್ಟ್ ಮಾಡಿದ್ದನ್ನ ನಾವು ಬಾಯಿಪಾಠ ಮಾಡಿ ಪಾಸಾದ್ವಿ. ರೆಸ್ನಿಕ್ ಅದೇ ಪೇಪರ್ಟ್ ಗರಡೀಲಿ ಪಳಗಿದೋರು, ಹಾಗಾಗಿ ಸ್ಕ್ರಾಚ್ ಬೆಕ್ಕು ಒಂದು ಲೆಕ್ಕದಲ್ಲಿ ಆ ಆಮೆ ಮೊಮ್ಮಗ.

ಲೋಗೋಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಸ್ಕ್ರಾಚಲ್ಲಿ ಕೋಡ್ ಟೈಪ್ ಮಾಡ್ಬೇಕಿಲ್ಲ ಅನ್ನೋದು. ಇದನ್ನ ಕೇಳಿದ ತಕ್ಷಣ ದೊಡ್ಡೋರಿಗೆ ಓ ಹಾಗಾದ್ರೆ ಇದು ಸುಲಭದ್ದು, ಚಿಕ್ಕ ಮಕ್ಕಳಿಗೆ ಅನ್ನಿಸಿಬಿಡುತ್ತೆ. ಸ್ವಲ್ಪ ನಿಂತು ನೋಡಿ. ಟೈಪ್ ಮಾಡೋ ಭಾಷೇಲಿ ಹೊಸಬರು ಮಾಡೋ ತಪ್ಪಲ್ಲಿ ಮುಕ್ಕಾಲು ಪಾಲು ಬ್ರ್ಯಾಕೆಟ್ ಬಿಟ್ಟಿದ್ದು, ಸ್ಪೆಲ್ಲಿಂಗ್ ತಪ್ಪಿದ್ದು, ಸೆಮಿಕೋಲನ್ ಮರೆತಿದ್ದು, ನಾನೇ ಇಂಜಿನಿಯರಿಂಗಲ್ಲಿ ಸಿ ಭಾಷೆಯ ಲ್ಯಾಬಲ್ಲಿ ಗಂಟೆಗಟ್ಲೆ ಹುಡುಕಿರೋದು ಇಂಥವನ್ನೇ. ಆ ತಪ್ಪಿಂದ ಯಾರೂ ಏನೂ ಕಲಿಯಲ್ಲ. ಬ್ಲಾಕಲ್ಲಿ ಆ ಥರ ತಪ್ಪು ಮಾಡೋಕೇ ಜಾಗ ಇಲ್ಲ. 'ಹೀಗಿದ್ರೆ' ಅನ್ನೋ ಬ್ಲಾಕಲ್ಲಿ ಆರು ಮೂಲೆಯ ಒಂದು ಗುಂಡಿ ಇರುತ್ತೆ, ಅದಕ್ಕೆ ಆರು ಮೂಲೆಯ ಬ್ಲಾಕೇ ಕೂರ್ಬೇಕು, ಹೌದು ಇಲ್ಲ ಅಂತ ಉತ್ತರ ಬರೋ ಪ್ರಶ್ನೆ ಮಾತ್ರ ಆ ಆಕಾರದಲ್ಲಿರುತ್ತೆ. ಸ್ಕೋರ್ ಅನ್ನೋ ದುಂಡಗಿನ ಬ್ಲಾಕ್ ತಂದು ಎಷ್ಟು ಒತ್ತಿದ್ರೂ ಅಲ್ಲಿ ಕೂರಲ್ಲ. ಕೆಂಪಕ್ಷರದಲ್ಲಿ ಬೈಗುಳ ಬರಲ್ಲ, ಬೀಪ್ ಅನ್ನಲ್ಲ, ಸುಮ್ನೆ ಕೂರಲ್ಲ. ಹಂಗಾಗಿ ಕೊನೆಗೆ ಉಳ್ಕೊಳೋದು ಒಂದೇ ಥರದ ತಪ್ಪು, ಯೋಚನೆಯಲ್ಲಿರೋ ತಪ್ಪು. ಆ ತಪ್ಪನ್ನ ಮೇಷ್ಟ್ರೋ ಅಪ್ಪಅಮ್ಮನೋ ಬಂದು ಸರಿ ಮಾಡಿಕೊಟ್ಟುಬಿಟ್ರೆ ಮಗುವಿಗೆ ಕಲಿಯೋಕೆ ಅಲ್ಲಿ ಏನೂ ಉಳಿಯಲ್ಲ, ಬಣ್ಣದ ಬ್ಲಾಕ್ ಎಳೆದಾಡಿದ್ದಷ್ಟೇ ಲಾಭ.

ತೆಂಗಿನಕಾಯಿ ವಿಷಯಕ್ಕೆ ಬರ್ತೀನಿ.

ಏಳನೇ ಕ್ಲಾಸಿನ ಒಬ್ಬ ಹುಡುಗ. ಮೇಲಿಂದ ಕಾಯಿ ಬೀಳ್ಬೇಕು, ಕೆಳಗೆ ಮಂಕರಿ ಹಿಡ್ಕೊಂಡು ಓಡಾಡಿ ಹಿಡೀಬೇಕು, ಅದು ಆಟ. ಸ್ಕ್ರಾಚ್ ಲೈಬ್ರರೀಲಿ ಸೇಬು, ಬಾಳೆಹಣ್ಣು, ಕಲ್ಲಂಗಡಿ ಎಲ್ಲ ಇದೆ, ತೆಂಗಿನಕಾಯಿ ಇಲ್ಲ, ಅದಕ್ಕೆ ಅವನೇ ಕಂದು ಬಣ್ಣದಲ್ಲಿ ಒಂದು ಉಂಡೆ ಬಿಡಿಸಿ ಮೇಲೆ ಎರಡು ಗೆರೆ ಎಳೆದು ಜುಟ್ಟು ಮಾಡಿದ. ಸ್ಟೇಜು ಅಡ್ಡ 480, ಎತ್ತರ 360, ಸೊನ್ನೆ ಇರೋದು ನಟ್ಟನಡುವೆ, ಅಂದ್ರೆ ತುದಿ 180, ಬುಡ ಮೈನಸ್ 180. ಬೀಳ್ಬೇಕು ಅಂದ್ರೆ ವೈ ಅನ್ನ, ಅಂದ್ರೆ ಕಾಯಿ ಎಷ್ಟು ಎತ್ತರದಲ್ಲಿದೆ ಅನ್ನೋ ಅಂಕೀನ, ಮೈನಸ್ 5ರಷ್ಟು ಬದಲಾಯಿಸ್ತಾ ಇರ್ಬೇಕು. ಋಣ ಸಂಖ್ಯೆ ಸ್ಕೂಲಲ್ಲಿ ಆಗಿದೆ, ಲೆಕ್ಕ ಎಲ್ಲ ಮಾಡ್ತಾನೆ, ಆದ್ರೆ ಮೈನಸ್ ಅಂದ್ರೆ ಒಂದು ಕಡೆಗೆ ಹೋಗೋದು ಅಂತ ಅವನಿಗೆ ಅವತ್ತೇ ಹೊಳೆದಿದ್ದು ಅನ್ಸುತ್ತೆ, ಯಾಕಂದ್ರೆ ಮೊದ್ಲು ಬರೀ 5 ಅಂತ ಹಾಕಿ ಕಾಯಿ ಮೇಲೆ ಹೋಗಿ ಸಿಕ್ಕಾಕೊಂಡು ಕೂತಿತ್ತು, ಪಕ್ಕದವನು ಬಿದ್ದು ಬಿದ್ದು ನಕ್ಕ, ಇವನು ಐದರ ಹಿಂದೆ ಒಂದು ಗೆರೆ ಹಾಕಿದ ಅಷ್ಟೇ.

ಆಮೇಲೆ ಸ್ಕೋರು. ಒಂದು ವೇರಿಯಬಲ್, ಅಂದ್ರೆ ಬದಲಾಗೋ ಅಂಕಿ ಇಟ್ಕೊಳ್ಳೋ ಡಬ್ಬಿ, ಮಾಡಿ ಅದಕ್ಕೆ 'ಕಾಯಿ' ಅಂತ ಕನ್ನಡದಲ್ಲೇ ಹೆಸರಿಟ್ಟ, ಸ್ಕ್ರಾಚ್ ಅದಕ್ಕೆಲ್ಲ ತಕರಾರು ಮಾಡಲ್ಲ. ಯಾವಾಗ್ಲೂ ಮಾಡ್ತಿರು ಅನ್ನೋ ಬ್ಲಾಕೊಳಗೆ ಎರಡು ಸಂಗತಿ: ಮೈನಸ್ 5 ಇಳಿ, ಮಂಕರಿಗೆ ತಾಗಿದ್ರೆ 'ಕಾಯಿ' ಒಂದು ಜಾಸ್ತಿ ಮಾಡು. ಓದಿದ್ರೆ ಸರಿಯಾಗೇ ಇದೆ, ಅಲ್ವಾ? ಬಾವುಟ ಒತ್ತಿದ, ಕಾಯಿ ಬಿತ್ತು, ಮಂಕರಿ ಹಿಡೀತು, ಸ್ಕೋರು ಟಕಟಕಟಕ ಓಡಿ 17ಕ್ಕೆ ನಿಂತಿತು.

"ಮಿಸ್, ಇದು ಕೆಟ್ಟೋಗಿದೆ."

"ಏನಾಯ್ತೋ?"

"ಒಂದು ಕಾಯಿಗೆ ಹದ್ನೇಳು ಕೊಡ್ತೈತೆ."

"ಒಳ್ಳೇದೇ ಅಲ್ವೇನೋ, ಮಂಡಿಯಲ್ಲಿ ಹಂಗೆ ಕೊಟ್ಟಿದ್ರೆ ನಿಮ್ಮಪ್ಪ ಬಂಗ್ಲೆ ಕಟ್ತಿದ್ರು."

ಅವನಿಗೆ ನಗು ಬರ್ಲಿಲ್ಲ. ನಾನು ಯಾಕೆ 17 ಅಂತ ಕೇಳ್ದೆ, 10 ಯಾಕಲ್ಲ, 100 ಯಾಕಲ್ಲ? ಗೊತ್ತಿಲ್ಲ ಅಂದ. ಸರಿ, ಇಳಿಯೋ ವೇಗ ಮೈನಸ್ 1 ಮಾಡಿ ನೋಡು ಅಂದೆ. ಈ ಸಲ ಕಾಯಿ ಸೋಮಾರಿ ಥರ ಇಳೀತು, ಸ್ಕೋರು ಎಂಬತ್ತು ದಾಟಿತು. ಅವನು ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡಿದ. ಆಮೇಲೆ ಮೈನಸ್ 20 ಮಾಡಿದ, ನಾಲ್ಕು ಬಂತು. "ತಾಗಿರೋವರ್ಗೂ ಎಣಿಸ್ತಾನೇ ಐತೆ ಮಿಸ್!" ಅಷ್ಟೇ ಬೇಕಾಗಿದ್ದು. ಸ್ಕ್ರಾಚ್ ಸೆಕೆಂಡಿಗೆ 30 ಸಲ ಸ್ಟೇಜನ್ನ ಮತ್ತೆ ಮತ್ತೆ ಬಿಡಿಸುತ್ತೆ, ಇಂಥ ಓಡೋ ಲೂಪು, ಅಂದ್ರೆ ಮತ್ತೆ ಮತ್ತೆ ಮಾಡೋ ಬ್ಲಾಕು, ಪ್ರತಿ ಸಲಕ್ಕೂ ಒಂದು ಸುತ್ತು ಹೊಡೆಯುತ್ತೆ, ಕಾಯಿ ಮಂಕರಿಗೆ ತಾಗಿದ ಗಳಿಗೆಯಿಂದ ಅದನ್ನ ದಾಟಿ ಕೆಳಗಿಳಿಯೋ ಗಳಿಗೆವರೆಗೆ ಸುಮಾರು 85 ಹೆಜ್ಜೆ ದೂರ, ಐದೈದರಂತೆ ಇಳಿದ್ರೆ ಹದಿನೇಳು ಸುತ್ತು, ಹದಿನೇಳು ಪಾಯಿಂಟು. ಕಂಪ್ಯೂಟರು ತಪ್ಪೇ ಮಾಡಿಲ್ಲ. ತಾಗಿದ್ರೆ ಒಂದು ಜಾಸ್ತಿ ಮಾಡು ಅಂದೆ ನೀನು, ಅದು ಪ್ರತಿ ಸಲ ನೋಡಿದಾಗ್ಲೂ ತಾಗೇ ಇತ್ತು.

ಇಲ್ಲಿ ನಾನು ಬಾಯಿ ಮುಚ್ಕೊಂಡು ಕೂರೋದು ಇದ್ಯಲ್ಲ ಅದು ಕಷ್ಟದ ಕೆಲಸ. ಪರಿಹಾರ ನನಗೆ ಗೊತ್ತು, ತಾಗಿದ ತಕ್ಷಣ ಕಾಯೀನ ವಾಪಸ್ ಮೇಲಕ್ಕೆ ಕಳಿಸಿಬಿಟ್ರೆ ಆಯ್ತು, ವೈ 180, ಎಕ್ಸ್, ಅಂದ್ರೆ ಅಡ್ಡಕ್ಕೆ, ಎಲ್ಲಾದ್ರೂ. ಕೈ ಮೌಸ್ ಕಡೆ ತಾನಾಗೇ ಹೋಗುತ್ತೆ. ಅವನು ಮೊದ್ಲು 'ಒಂದು ಸೆಕೆಂಡ್ ಕಾದಿರು' ಅನ್ನೋ ಬ್ಲಾಕ್ ಹಾಕಿದ, ಕಾಯಿ ಮಂಕರಿ ಮೇಲೆ ಗಾಳೀಲಿ ನಿಂತು ಆಮೇಲೆ ಇಳೀತು, ಸ್ಕೋರು ಆಗ್ಲೂ ಒಂದಕ್ಕಿಂತ ಜಾಸ್ತಿ. ಆಮೇಲೆ ಕಾಯೀನ ಅಡಗಿಸಿದ, ಸ್ಕೋರ್ ಒಂದಕ್ಕೇ ನಿಂತಿತು, ಕುಣಿದಾಡಿದ, ಆದ್ರೆ ಎರಡನೇ ಕಾಯಿ ಬರ್ಲೇ ಇಲ್ಲ. ಅಡಗಿಸಿದ್ದನ್ನ ತೋರಿಸ್ಬೇಕು, ತೋರಿಸ್ಬೇಕಾದ್ರೆ ಮೇಲಿಂದ ತೋರಿಸ್ಬೇಕು, ಮೇಲಿಂದ ಅಂದ್ಮೇಲೆ ಅಡಗಿಸೋದಾದ್ರೂ ಯಾಕೆ ಅಂತ ಒಂದೊಂದಾಗಿ ತೆಗೀತಾ ತೆಗೀತಾ ಕೊನೆಗೆ ನಾನು ಅಂದ್ಕೊಂಡಿದ್ದ ಜಾಗಕ್ಕೇ ಬಂದ. ಅಷ್ಟೊತ್ತಿಗೆ ಪಕ್ಕದವರ ಆಟದಲ್ಲೂ ಅದೇ ತೊಂದರೆ, ಎಲ್ಲರೂ ಇವನ ಹತ್ರ ಕೇಳೋಕೆ ಬಂದ್ರು, ನಾನು ಹೋಗಿ ಟೀ ಕುಡಿದೆ.

ಮುಂದಿನ ವಾರ ಇನ್ನೊಂದು. ಕಾಯಿ ಹಿಡಿಯದೇ ನೆಲಕ್ಕೆ ಬಿದ್ರೆ ಒಂದು ಪ್ರಾಣ ಹೋಗ್ಬೇಕು. ವೈ ಮೈನಸ್ 180ಕ್ಕೆ ಸಮ ಆದ್ರೆ, ಅಂತ ಹಾಕಿದ. ಆಟ ಚೆನ್ನಾಗೇ ನಡೀತಿತ್ತು. ಕಷ್ಟ ಜಾಸ್ತಿ ಮಾಡೋಕೆ ಅಂತ ಮೈನಸ್ 5 ಇದ್ದಿದ್ದನ್ನ ಮೈನಸ್ 7 ಮಾಡಿದ, ಪ್ರಾಣ ಹೋಗೋದೇ ನಿಂತೋಯ್ತು, ಕಾಯಿ ನೆಲದಲ್ಲಿ ಅರ್ಧ ಹೂತ್ಕೊಂಡು ಅಲ್ಲೇ ಕೂತಿತು. ಈ ಸಲ ಅವನೇ ಕಾಯಿಯ ವೈ ಸ್ಕ್ರೀನ್ ಮೇಲೆ ಕಾಣೋ ಹಾಗೆ ಟಿಕ್ ಹಾಕ್ಕೊಂಡ, ಬೀಳೋದನ್ನ ನಿಧಾನ ನೋಡಿದ, ಮೈನಸ್ 177 ಆದ್ಮೇಲೆ ಸೀದಾ ಮೈನಸ್ 184. ನೂರೆಂಬತ್ತರ ಮೇಲೆ ಕಾಲೇ ಇಡ್ಲಿಲ್ಲ ಅದು, ಹಾರ್ಕೊಂಡು ಹೋಗಿದೆ. 'ಸಮ' ತೆಗೆದು 'ಕಮ್ಮಿ' ಹಾಕಿದ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋ ನಾವೂ ಇದೇ ತಪ್ಪು ಮಾಡ್ತೀವಿ, ನಮ್ಮ ಆಫೀಸಲ್ಲಿ ಇದಕ್ಕೆ ಟಿಕೆಟ್ ರೈಸ್ ಮಾಡಿ ಮೀಟಿಂಗ್ ಕರೀತಾರೆ. ಇದನ್ನ ನಿಜವಾದ ಕೋಡಿಂಗ್ ಅಲ್ಲ ಅನ್ನೋದಾದ್ರೆ ನನಗೆ ಸಂಬಳ ಯಾಕೆ ಕೊಡ್ತಿದಾರೋ ಗೊತ್ತಿಲ್ಲ.

ಇದಕ್ಕೆ ಉಲ್ಟಾ ಹೇಗಿರುತ್ತೆ ಅಂತಾನೂ ನೋಡಿದೀನಿ. ಕೊರೋನಾ ಟೈಮಲ್ಲಿ ಆನ್‌ಲೈನ್ ಕೋಡಿಂಗ್ ಕ್ಲಾಸಿನ ಜಾಹೀರಾತು ಎಲ್ಲಿ ನೋಡಿದ್ರೂ ಇತ್ತಲ್ಲ, ಪುಟ್ಟ ಮಗು ಆಪ್ ಮಾಡಿದೆ, ನಿಮ್ಮ ಮಗು ಹಿಂದೆ ಬೀಳ್ಬಾರ್ದು ಅಂತ ಹೆದರಿಸೋದು. ಅಂಥದ್ದೊಂದು ಕೋರ್ಸ್ ಮುಗಿಸಿದ ಹುಡುಗಿ ರಜೆಗೆ ಅಜ್ಜಿ ಮನೆಗೆ ಬಂದಿದ್ಲು, ನಮ್ಮ ಶನಿವಾರಕ್ಕೂ ಬಂದ್ಲು. ಪಾಪ ತುಂಬಾ ಚುರುಕು. ತಾನು ಮಾಡಿದ ಆಟಗಳನ್ನ ತೋರಿಸಿದ್ಲು, ಚೆನ್ನಾಗಿವೆ, ನಮ್ಮ ಮಕ್ಕಳದ್ದು ಅದರ ಮುಂದೆ ಏನೂ ಅಲ್ಲ. ಈ ಮೀನು ಇನ್ನೂ ಸ್ವಲ್ಪ ನಿಧಾನ ಬರೋ ಹಾಗೆ ಮಾಡ್ತೀಯಾ ಅಂದ್ರೆ, ಅದು ಮಿಸ್ ಹೇಳಿರ್ಲಿಲ್ಲ ಅಂದ್ಲು. ಆ ಆನ್‌ಲೈನ್ ಕ್ಲಾಸಿನ ಮಿಸ್ ಸ್ಕ್ರೀನ್ ಶೇರ್ ಮಾಡಿ ಈ ಬ್ಲಾಕ್ ಎಳಿ ಈಗ ಆ ಬ್ಲಾಕ್ ಎಳಿ ಅಂತ ಹೇಳಿದ್ರು, ಇವಳು ಎಳೆದ್ಲು, ಒಂದು ಸಲಾನೂ ಏನೂ ತಪ್ಪಾಗ್ಲಿಲ್ಲ, ಸರ್ಟಿಫಿಕೇಟ್ ಬಂತು. ಮಗು ತಪ್ಪು ಖಂಡಿತ ಅಲ್ಲ, ಆದ್ರೆ ಅಪ್ಪಅಮ್ಮ ದುಡ್ಡು ಕೊಟ್ಟಿದ್ದು ಯಾವುದಕ್ಕೆ ಅಂತ ಯೋಚನೆ ಮಾಡಿ. ಶಾಲೆ ಪುಸ್ತಕಗಳ ಕಥೆ ಬೇರೆ ಥರ ಕೆಟ್ಟದ್ದು. ಒಂದು ಕಂಪ್ಯೂಟರ್ ಪುಸ್ತಕದಲ್ಲಿ ಸ್ಕ್ರಾಚ್ ಪಾಠ ಇತ್ತು, ಪಾಠದ ಕೊನೇಲಿ ಸ್ಪ್ರೈಟ್ ಎಂದರೇನು, ಬಿಟ್ಟ ಸ್ಥಳ ತುಂಬಿರಿ, ಸ್ಟೇಜಿನ ಅಗಲ ಡ್ಯಾಶ್. ಮತ್ತೆ ಅದೇ ಎಫ್‌ಡಿ 100 ಆರ್‌ಟಿ 90, ಈ ಸಲ ಕಲರ್ ಪ್ರಿಂಟಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಾಧ್ಯಮಿಕ ಹಂತಕ್ಕೆ, ಅಂದ್ರೆ ಆರನೇ ಕ್ಲಾಸಿಂದ, ಕೋಡಿಂಗ್ ಚಟುವಟಿಕೆ ಇರ್ಬೇಕು ಅಂತ ಬರೆದಿದಾರೆ. ಚಟುವಟಿಕೆ ಅನ್ನೋದು ಪ್ರಶ್ನೋತ್ತರ ಆಗೋಕೆ ನಮ್ಮಲ್ಲಿ ಎಷ್ಟೊತ್ತು ಬೇಕು ಹೇಳಿ.

ಎಲ್ಲ ಮಕ್ಕಳಿಗೂ ಆಟವೇ ಬೇಕು ಅಂತೇನಿಲ್ಲ. ನಮ್ಮಲ್ಲಿ ಆರನೇ ಕ್ಲಾಸಿನ ಮೂರು ಹುಡುಗೀರಿಗೆ ನಾಟಕ ಮಾಡೋದ್ರಲ್ಲೇ ಖುಷಿ. ಅಜ್ಜಿ ಮತ್ತೆ ಮೊಮ್ಮಗ, ಮೊಮ್ಮಗ ಮೊಬೈಲ್ ನೋಡ್ತಾ ಊಟಕ್ಕೆ ಬರ್ತಿಲ್ಲ, ಅಜ್ಜಿ ಬೈತಾಳೆ. ಬೈಗುಳ ಅವರೇ ರೆಕಾರ್ಡ್ ಮಾಡಿದಾರೆ, ಯಾರ ಮನೆ ಅಜ್ಜಿ ಡೈಲಾಗು ಅಂತ ಊರಲ್ಲಿ ಯಾರಿಗೆ ಕೇಳಿಸಿದ್ರೂ ಗೊತ್ತಾಗುತ್ತೆ, ಇಲ್ಲಿ ಬರೆಯೋ ಹಾಗಿಲ್ಲ. ಮೊದ್ಲು ಮಾಡಿದ್ದು ಹೇಗೆ ಅಂದ್ರೆ, ಅಜ್ಜಿ ಎರಡು ಸೆಕೆಂಡ್ ಮಾತಾಡ್ತಾಳೆ, ಮೊಮ್ಮಗ ಎರಡು ಸೆಕೆಂಡ್ ಕಾದು ಮಾತಾಡ್ತಾನೆ, ಅಜ್ಜಿ ಮೂರು ಸೆಕೆಂಡ್ ಕಾದು, ಹೀಗೆ ಇಡೀ ನಾಟಕಕ್ಕೆ ಸೆಕೆಂಡ್ ಲೆಕ್ಕ ಹಾಕಿ ಕೂರಿಸಿದ್ರು. ಓಡ್ತಿತ್ತು ಕೂಡ. ಆಮೇಲೆ ಒಬ್ಬಳು ಶುರುನಲ್ಲಿ ಅಜ್ಜಿ ಕೆಮ್ಮಬೇಕು ಅಂದ್ಲು. ಒಂದು ಕೆಮ್ಮು ಸೇರಿಸಿದ್ದಕ್ಕೆ ಅಲ್ಲಿಂದ ಕೆಳಗೆ ಎಲ್ಲಾ ಹಾಳು, ಅಜ್ಜಿ ಮೊಮ್ಮಗ ಒಟ್ಟೊಟ್ಟಿಗೆ ಮಾತಾಡ್ತಾರೆ, ಪ್ರಶ್ನೆಗಿಂತ ಮುಂಚೆ ಉತ್ತರ. ಮೂವರೂ ಕೂತು ಎಲ್ಲಾ ಸೆಕೆಂಡನ್ನೂ ತಿದ್ದಿದ್ರು, ಆಮೇಲೆ ಇನ್ನೊಂದು ಸಾಲು ಸೇರಿಸೋ ಆಸೆ ಬಂತು, ಮತ್ತೆ ಹಾಳು. ಅಷ್ಟಾದ್ಮೇಲೇ ನಾನು ಬ್ರಾಡ್‌ಕಾಸ್ಟ್ ಬ್ಲಾಕ್ ತೋರಿಸಿದ್ದು. ಸ್ಕೂಲಲ್ಲಿ ಬೆಲ್ ಹೊಡೆದ ಹಾಗೆ ಅದು, ಹೊಡೆಯೋನಿಗೆ ಯಾರ್ಯಾರು ಏನೇನ್ ಮಾಡ್ತಾರೆ ಅಂತ ಗೊತ್ತಿರ್ಬೇಕಿಲ್ಲ, ಮಕ್ಕಳು ತಟ್ಟೆ ತಗೊಂಡು ಓಡ್ತಾರೆ, ಬಿಸಿಯೂಟದೋರು ಪಾತ್ರೆ ಮುಚ್ಚಳ ತೆಗೀತಾರೆ, ಮೇಷ್ಟ್ರು ಸೀಮೆಸುಣ್ಣ ಇಡ್ತಾರೆ. 'ಅಜ್ಜಿ ಬೈದಾಯ್ತು' ಅಂತ ಒಂದು ಸಂದೇಶ ಅಜ್ಜಿ ಬಿಡ್ತಾಳೆ, ಅದು ಬಂದಾಗ ಮೊಮ್ಮಗ ಶುರು ಮಾಡ್ತಾನೆ. ಈಗ ಅಜ್ಜಿ ಎಷ್ಟು ಬೇಕಾದ್ರೂ ಕೆಮ್ಮಲಿ. ಇದನ್ನ ಮೊದಲ ದಿನವೇ ಹೇಳಿದ್ದಿದ್ರೆ ಹೂಂ ಅಂತ ತಲೆ ಆಡಿಸಿ ಮರೀತಿದ್ರು, ಸೆಕೆಂಡ್ ತಿದ್ದಿ ತಿದ್ದಿ ಸುಸ್ತಾಗಿದ್ದೋರಿಗೆ ಹೇಳಿದ್ದರಿಂದ ಬಾಯಿ ಬಿಟ್ಕೊಂಡು ಕೇಳಿದ್ರು.

ತ್ರಿಕೋನದ್ದೂ ಹೀಗೇ, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಪೆನ್ ಅನ್ನೋ ಎಕ್ಸ್‌ಟೆನ್ಶನ್ ಹಾಕ್ಕೊಂಡ್ರೆ ಬೆಕ್ಕು ಹೋದಲ್ಲೆಲ್ಲ ಗೆರೆ ಬೀಳುತ್ತೆ. ಚೌಕ ಎಲ್ಲರಿಗೂ ಬರುತ್ತೆ, ನಾಲ್ಕು ಸಲ, 100 ಹೆಜ್ಜೆ, 90 ಡಿಗ್ರಿ. ತ್ರಿಕೋನ ಮಾಡಿ ಅಂದ್ರೆ ಹತ್ತಕ್ಕೆ ಹತ್ತು ಮಕ್ಕಳೂ ಮೂರು ಸಲ, 60 ಡಿಗ್ರಿ ಅಂತಾರೆ, ಯಾಕಂದ್ರೆ ಪುಸ್ತಕದಲ್ಲಿ ಒಳಕೋನ 60. ಬರೋದು ಅರ್ಧ ಬಟ್ಟಲು. ಒಬ್ಬರು ಮೂರನ್ನ ಆರು ಮಾಡ್ತಾರೆ, ಷಟ್ಕೋನ ಆಗುತ್ತೆ, ಅದೇ ಖುಷಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ಅದರ ಮೇಲೆ ನಡೆದು ನೋಡಿ ಅಂತೀನಿ, ಮೂಲೆಗೆ ಬಂದಾಗ ಎಷ್ಟು ತಿರುಗ್ತಿದೀರ? ಮುಖ ಹೆಚ್ಚುಕಮ್ಮಿ ಹಿಂದಕ್ಕೇ ತಿರುಗುತ್ತೆ, 120. ಪೇಪರ್ಟ್ ಹೇಳಿದ್ದು ಇದನ್ನೇ.

ಇನ್ನು ಲ್ಯಾಪ್‌ಟಾಪ್ ಕರೆಂಟ್ ವಿಷಯ, ಯಾಕಂದ್ರೆ ನಮ್ಮೂರಲ್ಲೂ ಮಾಡೋಣ ಅಂತ ಮೆಸೇಜ್ ಮಾಡೋರು ಕೇಳೋದು ಅದನ್ನೇ. ಇಂಟರ್ನೆಟ್ ಇರ್ಲೇಬೇಕು ಅಂತಿಲ್ಲ, ಒಂದು ಸಲ ಡೌನ್‌ಲೋಡ್ ಮಾಡಿದ್ರೆ ಆಫ್‌ಲೈನ್ ಓಡುತ್ತೆ. ಆಫ್‌ಲೈನಲ್ಲಿ ತಾನಾಗೇ ಸೇವ್ ಆಗಲ್ಲ, ನಮ್ಮ ಹಳೇ ಲ್ಯಾಪ್‌ಟಾಪುಗಳ ಬ್ಯಾಟರಿ ಎಲ್ಲ ಸತ್ತಿದೆ, ಕರೆಂಟ್ ಹೋದ್ರೆ ಮಾಡಿದ್ದೆಲ್ಲ ಗೋವಿಂದ, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಯಾರಾದ್ರೂ ಒಬ್ಬರು "ಸೇವ್" ಅಂತ ಕೂಗ್ಬೇಕು ಅಂತ ರೂಲ್ಸು, ಮಕ್ಕಳಿಗೆ ಕೂಗೋಕೆ ಪರ್ಮಿಷನ್ ಕೊಟ್ರೆ ಯಾವ ರೂಲ್ಸ್ ಬೇಕಾದ್ರೂ ಪಾಲಿಸ್ತಾರೆ. ಫೋನಲ್ಲಿ ಆಗಲ್ವಾ ಅಂತಾರೆ. ಆ ಪುಟ್ಟ ಸ್ಕ್ರೀನಲ್ಲಿ ಬ್ಲಾಕ್ ಎಳೆಯೋಕೆ ಹೋದ್ರೆ ತಲೆ ಕೆಡುತ್ತೆ, ಟ್ಯಾಬ್ ಆದ್ರೆ ಪರವಾಗಿಲ್ಲ. ಐದು ಆರು ಏಳು ವರ್ಷದ ಮಕ್ಕಳಿಗೆ ಸ್ಕ್ರಾಚ್ ಜೂನಿಯರ್ ಅಂತ ಬೇರೇನೇ ಇದೆ, 2014ರಲ್ಲಿ ಬಂದಿದ್ದು, ಅದರಲ್ಲಿ ಬ್ಲಾಕ್ ಮೇಲೆ ಅಕ್ಷರದ ಬದಲು ಚಿತ್ರ, ಓದೋಕೆ ಬರ್ದಿದ್ರೂ ನಡೆಯುತ್ತೆ. ಆನ್‌ಲೈನಲ್ಲಿ ಅಕೌಂಟ್ ಮಾಡಿದ್ರೆ ಮಗುವಿನ ನಿಜ ಹೆಸರು, ಸ್ಕೂಲ್ ಹೆಸರು ಹಾಕ್ಬೇಡಿ, ದಯವಿಟ್ಟು.

ಒಂದು ಲ್ಯಾಪ್‌ಟಾಪಿಗೆ ಇಬ್ಬರು ಸಾಕು, ಮತ್ತೆ ಹೆಣ್ಮಕ್ಕಳನ್ನ ಗಂಡ್ಮಕ್ಕಳ ಜೊತೆ ಕೂರಿಸಿದ್ರೆ ಮೌಸ್ ಯಾರ ಕೈಗೆ ಹೋಗುತ್ತೆ ಅಂತ ಗಮನಿಸಿ. ಹುಡುಗರು ಕಿತ್ಕೊಳ್ತಾರೆ, ಹುಡುಗೀರು ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತು ಐಡಿಯಾ ಹೇಳ್ತಾರೆ, ಐಡಿಯಾ ಇವಳದ್ದು, ಹೆಸರು ಅವನದ್ದು. ಸೇವ್ ಅಂತ ಕೂಗಿದಾಗ್ಲೆಲ್ಲ ಮೌಸ್ ಬದಲಾಗ್ಬೇಕು ಅಂತ ಮಾಡಿದ್ಮೇಲೆ ಪರವಾಗಿಲ್ಲ. ದೊಡ್ಡೋರಿಗೆ ಇನ್ನೂ ಸ್ಟ್ರಿಕ್ಟ್ ರೂಲ್ಸು: ಸಹಾಯ ಮಾಡೋಕೆ ಬರೋ ಕಾಲೇಜು ಹುಡುಗರು, ನೋಡೋಕೆ ಬರೋ ಪಂಚಾಯ್ತಿ ಮೆಂಬರು, ಯಾರೇ ಆಗ್ಲಿ, ಕೈ ಹಿಂದೆ ಕಟ್ಕೊಂಡು ನಿಲ್ಬೇಕು. ಮಾತಾಡ್ಬಹುದು, ಮುಟ್ಟೋ ಹಾಗಿಲ್ಲ.

ಈಗ ಪೈಥಾನ್, ಟೈಪ್ ಮಾಡಿ ಬರೆಯೋ ಕೋಡಿಂಗ್ ಭಾಷೆ, ಜನ ನಿಜವಾದ ಕೋಡಿಂಗ್ ಅನ್ನೋದು ಇಂಥದ್ದನ್ನೇ. ಬ್ಲಾಕಲ್ಲೇ ಜೀವನ ಪೂರ್ತಿ ಇರಿ ಅಂತ ನಾನು ಹೇಳ್ತಿಲ್ಲ. ಎಂಟನೇ ಕ್ಲಾಸಿನ ಒಬ್ಬಳು ಹಾರೋ ಆಟ ಮಾಡ್ತಿದ್ಲು, ಬೆಕ್ಕು ಕಲ್ಲು ದಾಟಿ ಹಾರ್ಬೇಕು. ಮೊದ್ಲು 80 ಮೇಲೆ, 80 ಕೆಳಗೆ ಅಂತ ಹಾಕಿದ್ಲು, ಬೆಕ್ಕು ಲಿಫ್ಟಲ್ಲಿ ಹೋಗಿ ಬಂದಂಗೆ ಕಾಣ್ತಿತ್ತು. ಒಂದು ಚೆಂಡು ಮೇಲಕ್ಕೆ ಎಸೆದು ನೋಡು ಅಂದೆ, ಹೊರಗೆ ಹೋಗಿ ಎಸೆದ್ಲು, ಮೇಲೆ ಹೋಗ್ತಾ ಹೋಗ್ತಾ ನಿಧಾನ ಆಗುತ್ತೆ ಅಂದ್ಲು. ಹಾಗಾದ್ರೆ ವೇಗ ಅಂತ ಒಂದು ವೇರಿಯಬಲ್ಲು, ಹಾರುವಾಗ 12, ಪ್ರತಿ ಸುತ್ತಲ್ಲೂ ವೈ ಅನ್ನ ವೇಗದಷ್ಟು ಬದಲಾಯಿಸು, ಆಮೇಲೆ ವೇಗದಲ್ಲಿ ಒಂದು ಕಳಿ. ಹನ್ನೆರಡು ಮೇಲೆ, ಹನ್ನೊಂದು ಮೇಲೆ, ಹತ್ತು, ಸೊನ್ನೆಗೆ ಬಂದು ಒಂದು ಗಳಿಗೆ ನಿಂತು, ಮೈನಸ್ ಒಂದು, ಮೈನಸ್ ಎರಡು, ತಾನಾಗೇ ಇಳಿಯುತ್ತೆ. ಎಷ್ಟು ಎತ್ತರ ಹಾರುತ್ತೆ ಅಂತ ಪೇಪರಲ್ಲಿ ಕೂಡಿಸಿದ್ಲು, ಹನ್ನೆರಡರಿಂದ ಒಂದರವರೆಗೆ, 78. ಕಲ್ಲಿನ ಎತ್ತರ ಅದಕ್ಕಿಂತ ಕಮ್ಮಿ ಇಟ್ಲು. ಗುರುತ್ವದ ಪಾಠ ಅವರಿಗೆ ಸ್ಕೂಲಲ್ಲಿ ಇನ್ನೂ ಬಂದೇ ಇಲ್ಲ.

ಈ ಹುಡುಗಿಗೆ ಈಗ ಬ್ಲಾಕ್ ಬೇಜಾರು. ಪ್ರೋಗ್ರಾಂ ಉದ್ದ ಆದ್ಮೇಲೆ ಎಳೆಯೋದು, ಜರುಗಿಸೋದು, ಯಾವ ಬ್ಲಾಕ್ ಎಲ್ಲಿತ್ತು ಅಂತ ಹುಡುಕೋದು, ನಿಜವಾಗ್ಲೂ ಕಿರಿಕಿರಿ, ಬ್ಲಾಕಿನ ದೊಡ್ಡ ಕೊರತೆ ಅದೇ. "ಅಕ್ಕ, ಇದನ್ನ ಬರ್ದುಬಿಡೋಕೆ ಆಗಲ್ವಾ?" ಅಂತ ಅವಳೇ ಕೇಳಿದ್ಲು. ಪೈಥಾನ್ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ, ವಯಸ್ಸಿನ ಲೆಕ್ಕ ಕ್ಲಾಸಿನ ಲೆಕ್ಕ ಎಲ್ಲ ಆಮೇಲೆ. ಪೈಥಾನ್ ಜೊತೇಲೇ ಟರ್ಟಲ್ ಅಂತ ಒಂದು ಮಾಡ್ಯೂಲ್ ಬರುತ್ತೆ, ಲೋಗೋದ ಅದೇ ಆಮೆ, ಫಾರ್ವರ್ಡ್ 100 ರೈಟ್ 90 ಅಂತ ಬರೆದ್ರೆ ಹೋಗುತ್ತೆ, ಹಾಗಾಗಿ ಅವಳಿಗೆ ಹೊಸದು ಅಂತಿರೋದು ಬ್ರ್ಯಾಕೆಟ್ಟು, ಕೋಲನ್ನು, ಸಾಲಿನ ಶುರುನಲ್ಲಿ ಬಿಡೋ ಜಾಗ ಅಷ್ಟೇ. ಅದರಲ್ಲಿ ದಿನಾ ತಪ್ಪು ಮಾಡ್ತಾಳೆ, ಬೈಕೊಳ್ತಾಳೆ, ಆದ್ರೆ ಲೂಪ್ ಅಂದ್ರೇನು ಅಂತ ಕೇಳಲ್ಲ. ಕಾಯಿ ಹುಡುಗ ಇನ್ನೂ ಕೇಳಿಲ್ಲ, ಅವನಿಗೆ ಇನ್ನೊಂದು ವರ್ಷ ಬ್ಲಾಕ್ ಇರ್ಲಿ, ಅವರಪ್ಪ ನನ್ನ ದಾರೀಲಿ ಸಿಕ್ಕಾಗೆಲ್ಲ ಪೈಥಾನು ಅಂತಾರೆ, ಪೈಥಾನಿಗೆ ಸ್ಕೋಪ್ ಇದ್ಯಂತೆ ಯಾರೋ ಹೇಳಿದ್ರಂತೆ.

ಅವನ ಲೇಟೆಸ್ಟ್ ತಲೆನೋವು ಬೇರೆ. ಒಂದೇ ಕಾಯಿ ಯಾಕೆ, ಬಿರುಗಾಳಿ ಬಂದಂಗೆ ನೂರಾರು ಕಾಯಿ ಉದುರ್ಬೇಕು ಅಂತ ಕ್ಲೋನ್ ಬ್ಲಾಕ್, ಅಂದ್ರೆ ಒಂದು ಕಾಯಿಯ ನಕಲು ಮಾಡೋ ಬ್ಲಾಕ್, ಕಂಡುಹಿಡ್ಕೊಂಡಿದಾನೆ. ಶುರುನಲ್ಲಿ ಧೋ ಅಂತ ಸುರಿಯುತ್ತೆ, ಸ್ವಲ್ಪ ಹೊತ್ತಿಗೆ ಮಳೆ ನಿಂತ ಹಾಗೆ ನಿಂತುಬಿಡುತ್ತೆ. ಸ್ಕ್ರಾಚ್ ಒಂದು ಸಲಕ್ಕೆ 300 ಕ್ಲೋನ್ ಮೇಲೆ ಬಿಡಲ್ಲ, ಇವನು ನೆಲಕ್ಕೆ ಬಿದ್ದಿದ್ದನ್ನ ಅಳಿಸ್ತಾನೇ ಇಲ್ಲ, ಸ್ಟೇಜಿನ ಬುಡದಲ್ಲಿ ಒಂದರ ಮೇಲೊಂದು ಬಿದ್ದಿವೆ, ಎಲ್ಲಾ ಒಂದೇ ಮಟ್ಟದಲ್ಲಿ ಅರ್ಧ ಮುಳುಗಿರೋದ್ರಿಂದ ಅವನಿಗೆ ಒಂದು ಸಾಲು ಅಷ್ಟೇ ಕಾಣ್ತಿದೆ. ಅವನಿಗೆ ನಾನು ಇದನ್ನ ಹೇಳಿಲ್ಲ, ಎಣಿಸೋಕೆ ಒಂದು ವೇರಿಯಬಲ್ ಇಟ್ಕೋ ಅಂತ ಮಾತ್ರ ಹೇಳಿ ಕಳಿಸಿದೀನಿ. ಈ ಪೋಸ್ಟ್ ಓದಿ ಯಾರೂ ಅವನಿಗೆ ಹೇಳ್ಬೇಡಿ.

ಮತ್ತೆ ತಿಪಟೂರು, ಅರಸೀಕೆರೆ, ತುರುವೇಕೆರೆ ಕಡೆ ಯಾರ ಮನೇಲಾದ್ರೂ ಹಳೇ ಯುಎಸ್‌ಬಿ ಮೌಸ್ ಬಿದ್ದಿದ್ರೆ ಎಸೀಬೇಡಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡಲ್ಲಿ ಪುಟ್ಟ ಕೈಗೆ ಬ್ಲಾಕ್ ಎಳೆಯೋದು ಕಷ್ಟ, ಅರ್ಧ ದಾರೀಲಿ ಬಿದ್ದೋಗುತ್ತೆ. ವೈರ್ ಇರೋದೇ ಆಗ್ಬೇಕು, ವೈರ್‌ಲೆಸ್ ಆದ್ರೆ ಸೆಲ್ಲನ್ನ ಯಾರೋ ಮನೆ ರಿಮೋಟಿಗೆ ಹಾಕ್ಕೊಂಡು ಹೋಗ್ತಾರೆ.